ಎರಡು ಸರ್ಕಾರಗಳ ಪ್ಯಾಂಟು

ಎರಡು ಸರ್ಕಾರಗಳ ಪ್ಯಾಂಟು ಬಿಚ್ಚಿಸಿದವಳು ನಾನು. ರಾಜ್ಯ ಸರ್ಕಾರದ್ದೂ, ಕೇಂದ್ರ ಸರ್ಕಾರದ್ದೂ. ಒಂದೇ ದಿನ, ಒಂದೇ ಹಿತ್ತಲಲ್ಲಿ. ಬಾಯಿಗೆ ಕೈ ಅಡ್ಡ ಹಿಡಿದು ನಗಬೇಡ, ನಗುವುದಾದರೆ ಬಾಯಿ ಬಿಟ್ಟು ನಗು. ಸರಿ, ಒಪ್ಪಿದೆ, ಇದರಲ್ಲಿ ಅರ್ಧ ಸುಳ್ಳು. ಬಿಚ್ಚಿದವರು ಅವರೇ. ನಾನು ವಾಪಸು ಕೊಡಲಿಲ್ಲ, ಅಷ್ಟೇ.

ಕೂತುಕೋ. ಆ ಸ್ಟೂಲಿನ ಮೇಲೆ ಬೇಡ, ಅದು ಜನರನ್ನು ಬೀಳಿಸುವುದರಲ್ಲಿ ನನಗಿಂತ ಜೋರು. ಬೆಳಿಗ್ಗೆ ನೀನು ಕೊಟ್ಟ ಬಟ್ಟೆ ಒಣಗಿದೆ, ಇಸ್ತ್ರಿಯೂ ಆಗಿದೆ, ಅಗೋ ಕಪಾಟಿನಲ್ಲಿ ಮಡಿಸಿಟ್ಟಿದೆ. ಆದರೆ ನಾನು ಎತ್ತಿ ಕೊಡುವ ಹಾಗಿಲ್ಲ. ನಿನ್ನ ಕೈಯಿಂದ ಅದನ್ನು ಯಾರು ತೆಗೆದುಕೊಂಡರೋ ಅವರೇ ಬಂದು ನಿನ್ನ ಕೈಗೆ ಕೊಡಬೇಕು. ಇದು ನಮ್ಮ ಲಾಂಡ್ರಿಯ ಕಾನೂನು, ನನ್ನ ಮಾವನ ಕಾಲದ್ದು. ಮಾವ ಒಮ್ಮೆ ಅತ್ತೆ ತೆಗೆದುಕೊಂಡಿದ್ದ ಬಟ್ಟೆಯನ್ನು ತಾನೇ ಹಂಚಲು ಹೋಗಿ, ಸ್ಮಶಾನದ ಕಾವಲುಗಾರನ ಕೋಟನ್ನು ಮದುಮಗನಿಗೆ ಕೊಟ್ಟುಬಿಟ್ಟನಂತೆ. ಮದುಮಗ ಉಂಗುರಕ್ಕೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಸ್ಮಶಾನದ ಗೇಟಿನ ಬೀಗದ ಕೈ. ಮದುಮಗಳು ಅಲ್ಲಿಂದ ಓಡಿದವಳು ಇನ್ನೂ ಓಡುತ್ತಲೇ ಇದ್ದಾಳೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ತೆಗೆದುಕೊಂಡ ಕೈಯೇ ಕೊಡಬೇಕು. ಬರೆದಿಡುವ ಅಭ್ಯಾಸ ನಮಗಿಲ್ಲ, ಬರೆಯಲು ಬಂದರೆ ತಾನೇ? ಬಟ್ಟೆಯ ಒಳಮಡಿಕೆಯಲ್ಲಿ ನೂಲಿನ ಒಂದು ಗಂಟು ಹಾಕುತ್ತೇವೆ. ಯಾರಿಗೆ ಯಾವ ಗಂಟು ಎನ್ನುವುದು ತೆಗೆದುಕೊಂಡವರ ತಲೆಯಲ್ಲಿ ಮಾತ್ರ. ನನ್ನ ಗಂಟು ನನ್ನ ಸೊಸೆಗೆ ತಿಳಿಯದು, ಅವಳದು ನನಗೆ ತಿಳಿಯದು.

ಸೊಸೆ ಅಂದೆನಲ್ಲ, ಅವಳಿಗೆ ನಾನಿಟ್ಟ ಹೆಸರು ಗಿರಣಿ. ಬೆಳಿಗ್ಗೆ ಬಾಯಿ ಶುರುವಾದರೆ ಊರಿನ ಕಾಳೆಲ್ಲ ಹಿಟ್ಟಾಗುವ ತನಕ ನಿಲ್ಲದು. ಅವಳು ಈ ಮನೆಗೆ ಬಂದಾಗಿನಿಂದ ಗೋಡೆಯ ಗಿಳಿಗೆ ಕೂಡ ಕಿವುಡು. ಗಿಳಿ ಎಲ್ಲಿದೆ ಅಂತ ಹುಡುಕಬೇಡ, ಗಿಳಿಯ ಚಿತ್ರ ಅದು. ನಾವಿಬ್ಬರೂ ಜಗಳವಾಡದ ದಿನ ಬೀದಿಯವರು ಬಂದು, ‘ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?’ ಎಂದು ವಿಚಾರಿಸುತ್ತಿದ್ದರು.

ನಮ್ಮ ಬೀದಿಯನ್ನು ನೀನೇ ನೋಡಿದ್ದೀ. ಆ ತುದಿಗೆ ರಾಜ್ಯದ ಪೊಲೀಸ್ ಠಾಣೆ. ಈ ತುದಿಗೆ ನೀರಿನ ದೊಡ್ಡ ಟ್ಯಾಂಕು. ಟ್ಯಾಂಕು ಕೇಂದ್ರದ್ದು, ಅದನ್ನು ಕಾಯಲು ಕೇಂದ್ರದ ಪಡೆ. ನಡುವೆ ನಾವು. ಇಬ್ಬರ ಸಮವಸ್ತ್ರವೂ ಬರುವುದು ನಮ್ಮಲ್ಲಿಗೇ. ಇಬ್ಬರದ್ದೂ ಖಾಕಿ, ಒಂದೇ ಮಿಲ್ಲಿನ ಬಟ್ಟೆ. ಬೇರೆ ಎಂದರೆ ಅಂಗಿಯ ಭುಜದ ಪಟ್ಟಿ, ಪ್ಯಾಂಟಿನ ಹಿತ್ತಾಳೆ ಗುಂಡಿ. ಕುದಿಸುವ ಮೊದಲು ಅವನ್ನು ಬಿಚ್ಚಿ ಡಬ್ಬಕ್ಕೆ ಹಾಕುತ್ತೇವೆ, ಇಲ್ಲದಿದ್ದರೆ ಹಿತ್ತಾಳೆಯ ಕಿಲುಬು ಬಟ್ಟೆಗೆ ಹತ್ತುತ್ತದೆ. ಬಿಚ್ಚಿದ ಮೇಲೆ ಯಾವುದು ರಾಜ್ಯ, ಯಾವುದು ಕೇಂದ್ರ? ಒಳಮಡಿಕೆಯ ಗಂಟು ಮಾತ್ರ ಠಾಣೆಗೊಂದು ಬಗೆ, ಪಡೆಗೊಂದು ಬಗೆ. ಹಗ್ಗದ ಮೇಲೆ ಎರಡೂ ಒಂದೇ ಗಾಳಿಗೆ ಒಂದೇ ಥರ ಕಾಲು ಆಡಿಸುತ್ತವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಒಗೆಯುವ ಜಾಗಕ್ಕೆ ಬರುತ್ತಿದ್ದ ನೀರು ನಿಂತಿತು. ಠಾಣೆಯ ಕಡೆಯವರನ್ನು ಕೇಳಿದರೆ, ಟ್ಯಾಂಕು ಕೇಂದ್ರದ್ದು, ಅಲ್ಲಿ ಕೇಳಿ ಎಂದರು. ಟ್ಯಾಂಕಿನವರನ್ನು ಕೇಳಿದರೆ, ಪೈಪು ರಾಜ್ಯದ್ದು, ಅಲ್ಲಿ ಕೇಳಿ ಎಂದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದು ನಡೆದು ನನ್ನ ಚಪ್ಪಲಿ ಸವೆದು ಕಾಗದವಾಯಿತು. ಕೊನೆಗೆ ಬೀದಿಯವರೆಲ್ಲ ಖಾಲಿ ಬಕೆಟು ಹಿಡಿದು ಚೌಕಕ್ಕೆ ಹೋದೆವು. ಕಲ್ಲು ಹಿಡಿದಿರಲಿಲ್ಲ, ಕೋಲು ಹಿಡಿದಿರಲಿಲ್ಲ. ಬಕೆಟು ಬಡಿದು ನೀರು ಕೇಳಿದೆವು.

ಚೌಕದಲ್ಲಿ ಜನ ಸೇರಬಾರದು ಎಂದು ರಾಜ್ಯ ಆಜ್ಞೆ ಹೊರಡಿಸಿತ್ತಂತೆ. ಅದಕ್ಕೆ ರಾಜ್ಯದವರು ಲಾಠಿ ಹಿಡಿದು ಬಂದರು. ಟ್ಯಾಂಕಿಗೆ ಅಪಾಯ ಎಂದು ಆ ಕಡೆಯಿಂದ ಕೇಂದ್ರದವರು ಬಂದರು. ನೀರು ಬಿಡುವುದಕ್ಕೆ ಒಬ್ಬರೂ ಬರದಿದ್ದವರು ಹೊಡೆಯುವುದಕ್ಕೆ ಇಬ್ಬರೂ ಬಂದರು. ಧೂಳೆದ್ದಿತು. ಧೂಳು ಇಳಿದಾಗ ನನ್ನ ಮಗ ಬಕೆಟಿನ ಪಕ್ಕದಲ್ಲಿ ಬಿದ್ದಿದ್ದ. ಬಲಗೈ ಮೊಣಕೈಯ ಕೆಳಗೆ ಮುರಿದು ತಿರುಗಿತ್ತು, ಹಣೆಯಿಂದ ರಕ್ತ ಸುರಿಯುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈ ಅದು. ಇರುವೆ ಕಚ್ಚಿದರೆ ಇರುವೆಗೇ ಕ್ಷಮೆ ಕೇಳುವಂಥ ಹಸು ನನ್ನ ಮಗ. ಅವನಿಗೆ ಹೊಡೆದರು.

ಮಾರನೆಯ ದಿನ ಠಾಣೆಯವರು, ‘ನಾವು ಯಾರನ್ನೂ ಮುಟ್ಟಿಲ್ಲ, ಹೊಡೆದವರು ಕೇಂದ್ರದವರು’ ಎಂದರು. ಟ್ಯಾಂಕಿನವರು, ‘ನಾವು ಸುಮ್ಮನೆ ನಿಂತಿದ್ದೆವು, ಹೊಡೆದವರು ರಾಜ್ಯದವರು’ ಎಂದರು. ಹಾಗಾದರೆ ನನ್ನ ಮಗನ ಕೈಯನ್ನು ಗಾಳಿ ಮುರಿಯಿತೇ?

ಅದೇ ಮಾರನೆಯ ದಿನ ಎರಡೂ ಕಡೆಯಿಂದ ಬಟ್ಟೆಯ ಬುಟ್ಟಿ ಬಂತು, ಎಂದಿನಂತೆ. ನಾಚಿಕೆ ಎನ್ನುವುದು ಬೇಡವೇ? ನಾನು ಆಸ್ಪತ್ರೆಯಲ್ಲಿ ಮಗನ ಹತ್ತಿರ ಇದ್ದೆ. ತೆಗೆದುಕೊಂಡವಳು ಸೊಸೆ. ಬೇರೆ ಬೀದಿಯಿಂದ ನೀರು ಹೊತ್ತು ತಂದು ಒಗೆದಳು, ಗಂಜಿ ಹಾಕಿದಳು. ಕೆಲವನ್ನು ಮಾತ್ರ ಒಗೆಯದೆ ಗಂಟು ಕಟ್ಟಿ ಒಗೆಯುವ ಕಲ್ಲಿನ ಹಿಂದೆ ತಳ್ಳಿಟ್ಟಳು.

“ಏನೇ ಅದು, ಒಗೆಯೋಕೆ ಮೈಗಳ್ಳತನಾನಾ?” ಅಂತ ಮನೆಗೆ ಬಂದವಳು ಕೇಳಿದೆ.

“ಅದನ್ನ ಮುಟ್ಟಬೇಡಿ ಅತ್ತೆ” ಅಂದಳು. ಅಷ್ಟೇ. ಗಿರಣಿ ಎರಡನೇ ಮಾತಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ವಾರವೇ ಅವಳು ಒಬ್ಬಳೇ ಚೌಕಕ್ಕೆ ಹೋಗಿ, ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಳು. ಜನ ಸೇರಿದರು. ಅವಳು ಕೂಗಿ ಹೇಳಿದಳು: “ನನ್ನ ಗಂಡನಿಗೆ ಹೊಡೆದೋರು ಯಾರು ಅಂತ ಅವರು ಹೇಳಲ್ಲ. ನಾನು ಹೇಳ್ತೀನಿ. ಅವರ ಬಟ್ಟೆ ಒಗೆಯೋಳು ನಾನು. ಆವತ್ತು ರಕ್ತ ಹತ್ತಿದ್ದ ಅಂಗಿ—”

ಅಲ್ಲಿಗೆ ಅವಳ ಬಾಯಿ ಮುಚ್ಚಿದರು. ಕೈಯಿಂದಲೇ ಮುಚ್ಚಿದರು. ವ್ಯಾನಿಗೆ ತುಂಬಿ ಠಾಣೆಗೆ ಒಯ್ದರು. ವಾಕ್ಯ ಅರ್ಧಕ್ಕೆ ನಿಂತಿತು. ಇಡೀ ಊರು ಉಳಿದರ್ಧಕ್ಕೆ ಕಾಯುತ್ತಾ ಕೂತಿತು.

ಕರಿಕೋಟು ಅಂತ ಒಬ್ಬಳು ವಕೀಲೆ ಇದ್ದಾಳೆ, ಅವಳ ಕೋಟು ನಮ್ಮಲ್ಲೇ ಒಗೆಯುವುದು. ಅವಳು ಓಡಾಡಿ ಕೇಂದ್ರದ ದೊಡ್ಡ ಕೋರ್ಟಿನಿಂದ ಆದೇಶ ತಂದಳು: ನನ್ನ ಸೊಸೆಯನ್ನು ಬಿಡಬೇಕು, ಅವಳು ಮಾತಾಡುವುದನ್ನು ಯಾರೂ ತಡೆಯಬಾರದು.

“ಅಜ್ಜೀ, ಸಂವಿಧಾನ ಅಂತ ಒಂದಿದೆ. ಯಾರು ಬೇಕಾದ್ರೂ ತಮ್ಮ ಮಾತು ಹೇಳ್ಬಹುದು, ಶಾಂತಿಯಿಂದ ಸೇರಬಹುದು ಅಂತ ಅದರಲ್ಲಿದೆ. ರಾಜ್ಯದ ಆಜ್ಞೆ ಅದಕ್ಕಿಂತ ಚಿಕ್ಕದು” ಎಂದಳು.

“ಚಿಕ್ಕದಾದ್ರೆ ನನ್ನ ಸೊಸೆ ಯಾಕಮ್ಮಾ ಇನ್ನೂ ಒಳಗಿದ್ದಾಳೆ?”

“ಚಿಕ್ಕದು ಅಂತ ರಾಜ್ಯದವರು ಒಪ್ತಿಲ್ಲ. ಕಾನೂನು ಸುವ್ಯವಸ್ಥೆ ನಮ್ಮದು, ಕೇಂದ್ರದ ಕೋರ್ಟು ಇದರಲ್ಲಿ ತಲೆ ಹಾಕಬಾರದು ಅಂತಾರೆ.”

“ಒಪ್ಪಿಸೋರು ಯಾರು?”

“ಕೇಂದ್ರದ ಪಡೆಯವರು.”

“ಚೌಕದಲ್ಲಿ ಲಾಠಿ ಹಿಡ್ಕೊಂಡು ಬಂದಿದ್ರಲ್ಲ, ಅವರಾ?”

“ಹೂಂ, ಅವರೇ” ಎಂದಳು ಕರಿಕೋಟು. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ. ಆ ಕಸುಬಿನಲ್ಲಿ ಹೇಗೆ ಬದುಕುತ್ತಾಳೋ.

ನಾನು ಠಾಣೆಗೆ ಹೋದೆ. ಅಲ್ಲಿಯ ದೊಡ್ಡ ಸಾಹೇಬನಿಗೆ ನಾವು ಮೀಸೆ ಎನ್ನುತ್ತೇವೆ. ಮೀಸೆ ಒಳಗೆ ಬಂದು ಬಹಳ ಹೊತ್ತಾದ ಮೇಲೆ ಸಾಹೇಬ ಬರುತ್ತಾನೆ, ಅಷ್ಟುದ್ದ. ಮೇಜಿನ ಮೇಲೆ ಕೋರ್ಟಿನ ಆದೇಶ ಬಿದ್ದಿತ್ತು, ಅದರ ಮೇಲೆ ಅವನ ಟೀ ಲೋಟ ಇಟ್ಟಿತ್ತು.

“ಕೂತ್ಕೊಳ್ಳಿ ಅಜ್ಜಿ.”

“ಕೂರೋಕೆ ಬಂದಿಲ್ಲ ಸಾಹೇಬ್ರೇ. ಸೊಸೇನ ಕರ್ಕೊಂಡು ಹೋಗೋಕೆ ಬಂದೆ.”

“ಅವಳ ಬಾಯಿ ಸ್ವಲ್ಪ ಉದ್ದ ಆಯ್ತು. ಬುದ್ಧಿ ಕಲೀಲಿ ಅಂತ ಇಟ್ಕೊಂಡಿದ್ದೀವಿ.”

“ಅವಳ ಬಾಯಿ ಉದ್ದ ಅಂತ ನನಗೆ ನೀವು ಹೇಳ್ಬೇಕಾ? ಅವಳನ್ನ ಬೈಯೋ ಹಕ್ಕು ನಂದು. ಮದುವೆ ದಿನದಿಂದ ಬೈದು ಬೈದು ಸಂಪಾದಿಸಿದ್ದು. ನಿಮಗೆ ಯಾರು ಕೊಟ್ರು? ಆ ಕಾಗದದಲ್ಲಿ ಬಿಡಿ ಅಂತ ಇದೆಯಂತೆ.”

“ಆ ಕಾಗದ ಕೇಂದ್ರದ್ದು. ಇದು ನಮ್ಮ ಠಾಣೆ.”

“ನಿಮ್ಮ ಮೈಮೇಲಿನ ಅಂಗೀಲಿ ಕತ್ತಿ ಥರ ಮಡಿಕೆ ನಿಂತಿದೆಯಲ್ಲ, ಅದು ನನ್ನ ಮಗ ಹಾಕಿದ್ದು. ಆ ಕೈ ಈಗ ಸುಣ್ಣದ ಪಟ್ಟೀಲಿ ಇದೆ. ಅದು ಯಾರ ಠಾಣೇದು ಸಾಹೇಬ್ರೇ?”

ಅವನು ಮೀಸೆ ಒರೆಸಿಕೊಂಡು, “ಅಜ್ಜೀನ ಹೊರಗೆ ಬಿಟ್ಟು ಬನ್ರೋ” ಎಂದ. ಒಳಗಿನ ಕೋಣೆಯಿಂದ ಸೊಸೆಯ ದನಿ ಕೇಳಿಸಿತು. ಪಾಪ, ಅಳುತ್ತಿರಲಿಲ್ಲ, ಕಾವಲಿನವನಿಗೆ ಬೈಯುತ್ತಿದ್ದಳು. ಆ ದನಿ ಕೇಳಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಾರಿಗೂ ಹೇಳಬೇಡ.

ಠಾಣೆಯ ಎದುರು ಮರದ ಕೆಳಗೆ ಕೇಂದ್ರದ ಪಡೆ ನಿಂತಿತ್ತು. ಅವರ ಸಾಹೇಬ ಏಣಿ. ಅವನ ಪ್ಯಾಂಟು ಹಗ್ಗಕ್ಕೆ ಹಾಕಿದರೆ ಎರಡು ಮನೆಗೆ ನೆರಳಾಗುತ್ತದೆ. ಅವನು ನನ್ನನ್ನು ಕಂಡು ಕೈ ಮುಗಿದ.

“ಚಿಂತೆ ಮಾಡಬೇಡಿ ಅಜ್ಜಿ. ನಿಮ್ಮ ಸೊಸೆ ಹಕ್ಕು ಕಾಪಾಡೋಕೆ ನಾವಿದ್ದೀವಿ.”

“ಒಳಗೆ ಹೋಗಿ ಕರ್ಕೊಂಡು ಬನ್ನಿ ಮತ್ತೆ.”

“ಹಾಗೆ ಆಗಲ್ಲ. ಆ ಮೆಟ್ಟಿಲಿಂದಾಚೆ ರಾಜ್ಯದ ಜಾಗ. ನುಗ್ಗಿದ್ರೆ ದೊಡ್ಡ ಗಲಾಟೆ ಆಗುತ್ತೆ.”

“ಚೌಕದಲ್ಲಿ ನಮ್ಮ ಮೇಲೆ ನುಗ್ಗಿದಾಗ ಮೆಟ್ಟಿಲು ಇರ್ಲಿಲ್ವಾ?”

ಅವನು ಬಗ್ಗಿ ನನ್ನ ಕಿವಿಯ ಹತ್ತಿರ ಬಂದ. ಅಷ್ಟು ಎತ್ತರದಿಂದ ಇಳಿದು ಬರಲು ಸ್ವಲ್ಪ ಹೊತ್ತೇ ಹಿಡಿಯಿತು. “ಅಜ್ಜೀ, ಅವಳು ಹೊರಗೆ ಬಂದ ತಕ್ಷಣ ರಾಜ್ಯದವರೇ ಹೊಡೆದಿದ್ದು ಅಂತ ಹೇಳ್ಬಿಡ್ಲಿ. ಮಿಕ್ಕಿದ್ದು ನಾವು ನೋಡ್ಕೋತೀವಿ.”

ಆಗ ನನಗೆ ಹೊಳೆಯಿತು ನೋಡು. ಒಬ್ಬನಿಗೆ ಅವಳು ಬಾಯಿ ಮುಚ್ಚಬೇಕು, ಇನ್ನೊಬ್ಬನಿಗೆ ಅವಳು ತಾನು ಹೇಳಿಕೊಟ್ಟದ್ದನ್ನು ಹೇಳಬೇಕು. ಅವಳ ಮಾತು ಇಬ್ಬರಿಗೂ ಬೇಡ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಗಂಡ ಹೆಂಡಿರಿಗೆ ಕೂಸು ಇರುವುದೇ ನೆನಪಿಲ್ಲ, ತೊಟ್ಟಿಲು ಯಾರದು ಎಂದೇ ಜಗಳ.

ಮನೆಗೆ ಬಂದು ಒಗೆಯುವ ಕಲ್ಲಿನ ಹಿಂದೆ ಕೈ ಹಾಕಿ ಆ ಗಂಟು ಎಳೆದೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು, ಕಣ್ಣಿಗೆ ಮೋಸವಾಗುವ ಹೊತ್ತಲ್ಲ. ಬಿಚ್ಚಿದೆ. ಖಾಕಿ ಅಂಗಿಗಳು, ಭುಜದ ಪಟ್ಟಿಯನ್ನು ಸೊಸೆ ಆಗಲೇ ಬಿಚ್ಚಿಟ್ಟಿದ್ದಳು. ತೋಳಿನ ತುದಿಯಲ್ಲಿ, ಎದೆಯ ಮೇಲೆ, ಒಣಗಿ ಕಪ್ಪಾದ ರಕ್ತ. ಜೀವಮಾನವೆಲ್ಲ ರಕ್ತದ ಕಲೆ ತೆಗೆದವಳು ನಾನು. ಹೆರಿಗೆ ಮನೆಯದ್ದು, ಕಟುಕರ ಅಂಗಡಿಯದ್ದು, ಆಸ್ಪತ್ರೆಯದ್ದು. ಅದು ಯಾರದೆಂದು ಎಂದೂ ಕೇಳಿರಲಿಲ್ಲ. ಇದು ನನ್ನ ಮಗನದು. ನಾನು ಅವನನ್ನು ಹೆತ್ತಾಗ ಸುರಿಸಿದ ರಕ್ತವನ್ನು ಇವರು ತೋಳಿಗೆ ಒರೆಸಿಕೊಂಡು ಬಂದು, ಒಗೆದು ಕೊಡಿ ಎಂದು ನನ್ನ ಮನೆಗೇ ಕಳಿಸಿದ್ದರು.

ಕಾಲರಿನ ಒಳಗೆ ಸೊಸೆ ಹಾಕಿದ ನೂಲಿನ ಗಂಟು ನೋಡಿದೆ. ಕೆಲವಕ್ಕೆ ಒಂದು ಬಗೆಯದು, ಕೆಲವಕ್ಕೆ ಇನ್ನೊಂದು ಬಗೆಯದು. ಯಾವುದು ಯಾರದೆಂದು ನನಗೆ ತಿಳಿಯದು. ಆದರೆ ಗಂಟು ಎರಡು ಬಗೆ. ಅಷ್ಟು ನೋಡಲು ಓದು ಬೇಕೇ?

ಬಟ್ಟೆಯ ಗಂಟನ್ನು ಮತ್ತೆ ಕಟ್ಟಿ ಇದ್ದಲ್ಲೇ ಇಟ್ಟೆ. ಕಲ್ಲಿನ ಮೇಲೆ ಕೂತೆ. ಹಲ್ಲು ಎಷ್ಟು ಕಚ್ಚಿದೆನೆಂದರೆ ಉಳಿದಿದ್ದ ಹಲ್ಲುಗಳಲ್ಲಿ ಒಂದು ಅಲ್ಲೇ ಅಲ್ಲಾಡಿತು. ಇದು ಸುಳ್ಳಲ್ಲ. ಬೇಕಾದರೆ ಬಾಯಿ ತೆರೆದು ತೋರಿಸುತ್ತೇನೆ. ಬೇಡವೇ? ಸರಿ.

ಅಷ್ಟರಲ್ಲಿ ಚೌಕದಲ್ಲಿ ದೊಡ್ಡ ಕವಾಯತು ಎಂದು ಗೊತ್ತಾಯಿತು. ತಮ್ಮ ಆಜ್ಞೆಯೇ ನಡೆಯುತ್ತದೆ ಎಂದು ತೋರಿಸಲು ರಾಜ್ಯದ ದೊಡ್ಡವರು ತಮ್ಮ ಪೊಲೀಸರನ್ನು ಸಾಲಾಗಿ ನಿಲ್ಲಿಸುತ್ತಾರಂತೆ. ಕೋರ್ಟಿನ ಆದೇಶವೇ ನಡೆಯುತ್ತದೆ ಎಂದು ತೋರಿಸಲು ಕೇಂದ್ರದ ದೊಡ್ಡವರು ಅದೇ ಚೌಕದಲ್ಲಿ, ಅದೇ ಬೆಳಿಗ್ಗೆ ತಮ್ಮ ಪಡೆಯನ್ನು ನಿಲ್ಲಿಸುತ್ತಾರಂತೆ. ಇಬ್ಬರ ಒಳ್ಳೆಯ ಜೊತೆ ಸಮವಸ್ತ್ರವೂ, ಗಂಜಿ ಹಾಕಿದ್ದು, ನನ್ನ ಹಗ್ಗದ ಮೇಲೆ.

ಮೊದಲು ಠಾಣೆಯ ಪೇದೆ ಬಂದ. “ಅಜ್ಜೀ, ನಮ್ಮ ಬಟ್ಟೆ.”

“ತಗೊಂಡಿದ್ದು ನಾನಲ್ಲಪ್ಪ. ತಗೊಂಡ ಕೈಯೇ ಕೊಡ್ಬೇಕು. ಆ ಕೈ ನಿಮ್ಮ ಠಾಣೇಲಿದೆ.”

“ತಮಾಷೆ ಮಾಡ್ಬೇಡಿ, ಸಾಹೇಬ್ರು ನನ್ನ ಚರ್ಮ ಸುಲೀತಾರೆ.”

“ಸುಲಿದ್ರೆ ತಗೊಂಡು ಬಾ, ಒಗೆದು ಕೊಡ್ತೀನಿ.”

ಆಮೇಲೆ ಕೇಂದ್ರದವನು ಬಂದ. ಅವನಿಗೂ ಅದೇ ಮಾತು. ಕೊನೆಗೆ ಮೀಸೆಯೇ ಬಂದು ಬಾಗಿಲಲ್ಲಿ ಗುಡುಗಿದ.

“ಇದೇನು ನಿಮ್ಮ ಹಠ? ಯಾವ ಕಾನೂನಿದು?”

“ನಮ್ಮ ಲಾಂಡ್ರಿದು.”

“ಲಾಂಡ್ರಿಗೆಲ್ಲ ಕಾನೂನು ಇರಲ್ಲ!”

“ನಿಮಗೊಂದು ಕಾನೂನು, ಅವರಿಗೊಂದು ಕಾನೂನು. ಅವರ ಕಾಗದ ನಿಮ್ಮ ಬಾಗಿಲಲ್ಲಿ ನಡೆಯಲ್ಲ ಅಂದ್ರಿ. ನಿಮ್ಮ ಗುಡುಗು ನನ್ನ ಬಾಗಿಲಲ್ಲಿ ನಡೆಯಲ್ಲ. ಈ ಹೊಸಿಲಿಂದಾಚೆ ನನ್ನ ಮಾವನ ರಾಜ್ಯ.”

ಬೀದಿಯವರು ನಕ್ಕರು. ಮೀಸೆ ಕೆಂಪಾದ. ಒಳಗಿಂದ ನನ್ನ ಮಗ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, “ಅಮ್ಮಾ, ಕೊಟ್ಬಿಡು, ಅವಳಿಗೆ ಇನ್ನೂ ಹಿಂಸೆ ಮಾಡ್ತಾರೆ” ಎಂದ. ಆದರೂ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ಒಳಗೇ, ಆ ಮಾತು ಅರ್ಧವೇ.

ಕವಾಯತಿನ ಬೆಳಿಗ್ಗೆ ಇಬ್ಬರಿಗೂ ತಾಳ್ಮೆ ತಪ್ಪಿತು. ಮುಂಬಾಗಿಲಿನಿಂದ ಮೀಸೆಯ ದಂಡು, ಹಿತ್ತಿಲ ಬಾಗಿಲಿನಿಂದ ಏಣಿಯ ದಂಡು. ನನ್ನ ಮಾವನ ರಾಜ್ಯ ಒಂದೇ ಗಳಿಗೆಯಲ್ಲಿ ಬಿತ್ತು. ಹಗ್ಗಕ್ಕೆ ಎರಡೂ ಕಡೆಯಿಂದ ಕೈ ಹಾಕಿದರು. ಆಮೇಲೆ ಸುಮ್ಮನೆ ನಿಂತರು. ಪಟ್ಟಿ ಇಲ್ಲ, ಗುಂಡಿ ಇಲ್ಲ. ಖಾಕಿ, ಖಾಕಿ, ಖಾಕಿ.

“ಇದು ನಮ್ಮದು” ಎಂದ ಒಬ್ಬ.

“ಯಾಕೆ ನಿಮ್ಮದು? ನೋಡು, ಇಲ್ಲಿ ಹೊಲಿಗೆ ನಮ್ಮ ದರ್ಜಿದು.”

“ಹಾಕ್ಕೊಂಡು ನೋಡೋಣ, ಯಾರಿಗೆ ಸರಿಹೋಗುತ್ತೋ ಅವರದ್ದು.”

ಈ ಕೊನೆಯ ಮಾತು ಯಾವ ಪುಣ್ಯಾತ್ಮ ಹೇಳಿದನೋ, ಅವನ ಹೊಟ್ಟೆ ತಣ್ಣಗಿರಲಿ. ಎಲ್ಲರೂ ಮೈಮೇಲಿದ್ದ ಹಳೆಯ ಪ್ಯಾಂಟು ಬಿಚ್ಚಿ ಕಲ್ಲಿನ ಮೇಲೆ ಎಸೆದರು. ಗಂಜಿಯ ಪ್ಯಾಂಟಿಗೆ ಕಾಲು ತೂರಿಸಿದರು. ಏಣಿಯ ಕಾಲಿಗೆ ಒಬ್ಬ ಕುಳ್ಳನ ಪ್ಯಾಂಟು ಸಿಕ್ಕಿ ಮಂಡಿಯಲ್ಲೇ ನಿಂತಿತು. ಮೀಸೆ ಉದ್ದನೆಯದರಲ್ಲಿ ಇಳಿದು ಕಾಲು ಕಳೆದುಕೊಂಡ. ಗುಂಡಿ ಇಲ್ಲದ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತದೆಯೇ? ಒಂದು ಕೈ ಅದನ್ನೇ ಹಿಡಿಯಬೇಕು. ಗುಂಡಿಯ ಡಬ್ಬ ಎಲ್ಲಿ ಎಂದು ಕಿರುಚಿದರು. ಗುಂಡಿಯೂ ಸೊಸೆ ತೆಗೆದಿಟ್ಟದ್ದು, ನನಗೇನು ಗೊತ್ತು?

ನನಗೆ ಒಂದು ಕೆಟ್ಟ ಚಾಳಿ ಇದೆ. ಕೊಳೆ ಬಟ್ಟೆ ಬಿದ್ದಿದ್ದರೆ ಸುಮ್ಮನೆ ನೋಡುತ್ತಾ ಕೂರಲಾರೆ. ಕಲ್ಲಿನ ಮೇಲಿದ್ದ ಹಳೆಯ ಪ್ಯಾಂಟುಗಳನ್ನೆಲ್ಲ ಬಾಚಿ ಎತ್ತಿದೆ. ಸೋಡಾ ಹಾಕಿ ಕುದಿಸುತ್ತಿದ್ದ ಹಂಡೆಗೆ ಹಾಕಿ ಕೋಲಿನಿಂದ ತಿರುಗಿಸಿಬಿಟ್ಟೆ. ಸಾವಿರ ಪ್ಯಾಂಟು ಇದ್ದವು. ಸರಿ, ಸಾವಿರ ಇರಲಿಲ್ಲ. ಹಂಡೆ ತುಂಬಿತ್ತು.

ಆಗ ನೋಡಬೇಕಿತ್ತು ನೀನು. ಎರಡು ಸರ್ಕಾರಗಳು ಸೊಂಟದಲ್ಲಿ ನಿಲ್ಲದ ಪ್ಯಾಂಟು ಬಿಟ್ಟು ಗಿರಾಕಿಗಳ ಬೆಡ್‌ಶೀಟು ಸುತ್ತಿಕೊಂಡು ನನ್ನ ಹಿತ್ತಲಲ್ಲಿ ನಿಂತಿದ್ದವು. ಗೋಡೆಯಾಚೆ ಬೀದಿಯವರೆಲ್ಲ ಬಕೆಟಿನ ಮೇಲೆ ಹತ್ತಿ ಇಣುಕುತ್ತಿದ್ದರು. ಮೀಸೆಯ ಫೋನು ಬಡಿದುಕೊಳ್ಳುತ್ತಿತ್ತು, ಏಣಿಯದೂ ಬಡಿದುಕೊಳ್ಳುತ್ತಿತ್ತು. ಚೌಕದಲ್ಲಿ ಇಬ್ಬರ ದೊಡ್ಡವರೂ ಬಂದು ಕೂತಿದ್ದರು.

“ಇವನ್ನ ಬೇರೆ ಮಾಡೋರು ಯಾರು?” ಮೀಸೆ ಹಲ್ಲು ಕಡಿದ.

“ಒಬ್ಬಳೇ” ಎಂದೆ. “ನಿಮ್ಮ ಹತ್ರಾನೇ ಇದ್ದಾಳೆ.”

“ಕರ್ಕೊಂಡು ಬನ್ರೋ ಅವಳನ್ನ!”

ಏಣಿ ಬೆಡ್‌ಶೀಟು ಜಾರದಂತೆ ಹಿಡಿದುಕೊಂಡೇ ಎದೆ ಸೆಟೆಸಿದ. “ಕೊನೆಗೂ ಕೋರ್ಟಿನ ಮಾತಿಗೆ ತಲೆ ಬಾಗಿದ್ರಿ!”

“ಕೋರ್ಟಿಗಲ್ಲ, ಪ್ಯಾಂಟಿಗೆ” ಎಂದ ಮೀಸೆ.

ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆ ಮಾತಿಗೆ ಮೈಯೆಲ್ಲ ಉರಿಯಿತು. ಸಂವಿಧಾನ ಹೇಳಿದರೆ ಬಿಡಲಿಲ್ಲ, ದೊಡ್ಡ ಕೋರ್ಟು ಹೇಳಿದರೆ ಬಿಡಲಿಲ್ಲ, ಹೆತ್ತವಳ ವಯಸ್ಸಿನ ನಾನು ಮೇಜಿನ ಮುಂದೆ ನಿಂತು ಕೇಳಿದರೆ ಬಿಡಲಿಲ್ಲ. ಒಬ್ಬ ಹೆಣ್ಣುಮಗಳ ಬಾಯಿಗಿಂತ ಇವರಿಗೆ ಸೊಂಟದ ಗುಂಡಿ ದೊಡ್ಡದು.

ಅವಳನ್ನು ತಂದರು. ತುಟಿ ಒಡೆದಿತ್ತು. ಮಣಿಕಟ್ಟಿನ ಸುತ್ತ ಬೇಡಿ ಉಜ್ಜಿ ಕಪ್ಪು ಗೆರೆ ಎದ್ದಿತ್ತು. ನನ್ನ ಮಗ ಒಳಗಿಂದ ಬಂದು ಎಡಗೈಯಿಂದ ಅವಳ ಭುಜ ಹಿಡಿದುಕೊಂಡ. ನನ್ನ ಬಾಯಿಂದ ಹೊರಟಿದ್ದು ಇಷ್ಟು: “ತಲೆ ಬಾಚ್ಕೊಳ್ಳೋಕೆ ಏನು ಧಾಡಿ ನಿನಗೆ?”

“ಬಾಚಣಿಗೆ ರಾಜ್ಯ ಕೊಡ್ಬೇಕೋ ಕೇಂದ್ರ ಕೊಡ್ಬೇಕೋ ಅಂತ ಇನ್ನೂ ತೀರ್ಮಾನ ಆಗಿರ್ಲಿಲ್ಲ ಅತ್ತೆ” ಎಂದಳು ಗಿರಣಿ. ಆಮೇಲೆ ಮೆಲ್ಲಗೆ, “ಕಲ್ಲಿನ ಹಿಂದಿಂದು?”

“ಹಾಗೇ ಇದೆ” ಎಂದೆ.

ಮೀಸೆ ಅವಳ ಒಂದು ಪಕ್ಕಕ್ಕೆ ಬಂದ. “ನೋಡಮ್ಮಾ, ಸುಮ್ಮನೆ ಬಟ್ಟೆ ಬೇರೆ ಮಾಡಿ ಕೊಡು. ಇವತ್ತೇ ಮನೇಲಿರ್ತೀಯ. ಆ ವಿಷಯ ಮಾತ್ರ ಎತ್ತಬೇಡ.”

ಏಣಿ ಇನ್ನೊಂದು ಪಕ್ಕಕ್ಕೆ ಬಗ್ಗಿದ. “ಹೆದರಬೇಡಮ್ಮ, ಸಂವಿಧಾನ ನಿನ್ನ ಕಡೆ ಇದೆ. ರಾಜ್ಯದವರು ಅಂತ ಒಂದು ಮಾತು ಹೇಳು ಸಾಕು.”

ಅವಳು ಇಬ್ಬರನ್ನೂ ನೋಡಿದಳು, ಬೆಡ್‌ಶೀಟಿನಿಂದ ಮೀಸೆಯವರೆಗೆ, ಬೆಡ್‌ಶೀಟಿನಿಂದ ಆ ದೂರದ ತಲೆಯವರೆಗೆ. ನೇರ ಹೋಗಿ ಒಗೆಯುವ ಕಲ್ಲಿನ ಹಿಂದೆ ಬಗ್ಗಿ ಗಂಟು ಎಳೆದು ಬಿಚ್ಚಿದಳು. ಕಾಲರು ತಿರುವಿ ತಿರುವಿ ನೋಡಿ, ಎರಡು ಅಂಗಿ ಆರಿಸಿದಳು. ಕಲ್ಲಿನ ಮೇಲೆ ಹತ್ತಿ ನಿಂತಳು. ಗೋಡೆಯ ಮೇಲಿನ ತಲೆಗಳೆಲ್ಲ ಇನ್ನಷ್ಟು ಮೇಲೆದ್ದವು. ಕರಿಕೋಟು ಹುಡುಗಿ ಎಲ್ಲಿಂದಲೋ ಓಡಿ ಬಂದು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

“ಇದು ಸಭೆ! ಸಭೆ ಸೇರೋ ಹಾಗಿಲ್ಲ!” ಎಂದು ಮೀಸೆ ಕೂಗಿದ. ಮುಂದೆ ನುಗ್ಗಲು ಹೋದ. ಬೆಡ್‌ಶೀಟು ಹಂಡೆಯ ಹಿಡಿಗೆ ಸಿಕ್ಕಿತು. ಒಂದು ಹೆಜ್ಜೆ ಇಟ್ಟರೆ ಮಾನ ಹೋಗುತ್ತದೆ. ಅವನು ಅಲ್ಲೇ ನಿಂತ.

“ಸಭೆ ಅಲ್ಲ ಸಾಹೇಬ್ರೇ” ಎಂದೆ ನಾನು. “ತಗೊಂಡ ಕೈ ಬಟ್ಟೆ ಕೊಡ್ತಿದೆ.”

ಸೊಸೆ ಒಂದೊಂದು ಕೈಯಲ್ಲಿ ಒಂದೊಂದು ಅಂಗಿ ಎತ್ತಿ ಹಿಡಿದಳು. ಎರಡರ ತೋಳೂ ಕಪ್ಪಾಗಿತ್ತು. ಅದನ್ನು ನೋಡಿ ಏಣಿಯ ಮುಖದ ನಗು ಮೇಲಿನಿಂದ ಕೆಳಗೆ ಇಳಿಯುತ್ತಾ ಬಂತು, ನಿಧಾನವಾಗಿ, ಅಷ್ಟು ಉದ್ದ ಇಳಿಯಬೇಕಲ್ಲ.

“ಆವತ್ತು ಚೌಕದಲ್ಲಿ ನನ್ನ ಮಾತು ಅರ್ಧಕ್ಕೆ ನಿಂತಿತ್ತು” ಎಂದಳು. ದನಿ ಬೀದಿಯ ಎರಡೂ ತುದಿಗೆ ಕೇಳಿಸಿತು. “ಆವತ್ತು ರಕ್ತ ಹತ್ತಿದ್ದ ಅಂಗಿ—”

ಹೇಳುವುದಿಲ್ಲ. ಎಷ್ಟು ಪೀಡಿಸಿದರೂ ನಾನು ಹೇಳುವುದಿಲ್ಲ. ಎಲ್ಲವನ್ನೂ ನಾನೇ ಒಗೆದು ಹಿಂಡಿ ಒಣಗಿಸಿ ಕೊಟ್ಟರೆ ನಿನಗೇನು ಕೆಲಸ? ಬೆಳಿಗ್ಗೆ ನಿನ್ನ ಬಟ್ಟೆ ತೆಗೆದುಕೊಂಡ ಕೈಯನ್ನು ನೋಡಿದ್ದೀಯಲ್ಲ, ಮಣಿಕಟ್ಟಿನಲ್ಲಿ ಮಾಸಿದ ಗೆರೆ ಇತ್ತೋ ಇಲ್ಲವೋ? ಅಲ್ಲಿಗೆ ಅರ್ಧ ಗೊತ್ತಾಯಿತು. ಉಳಿದದ್ದು, ಎರಡು ಅಂಗಿ, ಎರಡು ಬಗೆಯ ಗಂಟು, ನನ್ನ ಮಗನ ಒಂದೇ ಒಂದು ಕೈ. ಅವಳು ಯಾರ ಹೆಸರು ಹೇಳಿದಳು? ಅವಳು ಬಂದು ನಿನ್ನ ಬಟ್ಟೆ ಕೊಡುವುದರೊಳಗೆ ಹೇಳು ನೋಡೋಣ.